‘ಚಂದ್ರೋದಯ’ದ ಕಾಲವೂ ಪಾಠವೂ: ಆನ್ಸೆಲ್ ಆಡಮ್ಸರ ಒಂದು ಛಾಯಾಚಿತ್ರ

(೧)

ಪ್ರಾಚೀನ ಕಾವ್ಯವೊಂದರ ಕಾಲವನ್ನೂ ಶುದ್ಧಪಾಠವನ್ನೂ ನಿರ್ಣಯಿಸುವುದು ಎಷ್ಟು ಕಷ್ಟವೆಂಬುದನ್ನು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರೆಲ್ಲರೂ ಬಲ್ಲರು. ಕವಿಯು ತನ್ನ ಕಾಲವನ್ನು ಹೇಳದೆಯೇ ಹೋಗಿರಬಹುದು. ಹೇಳಿದ್ದರೂ ಲಿಪಿಕಾರರ ಕೈಯಲ್ಲಿ ಅದು ಕೆಟ್ಟಿರಬಹುದು. ಉಳಿದು ಬಂದ ಓಲೆಯ ಪ್ರತಿಗಳು ಒಂದನ್ನೊಂದು ಹೋಲದೆ ಇರಬಹುದು. ಯಂತ್ರದಿಂದ ಹುಟ್ಟುವ ಛಾಯಾಚಿತ್ರಕ್ಕೆ ಇಂತಹ ತೊಡಕುಗಳೊಂದೂ ಇಲ್ಲವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬೆಳಕು ಫಿಲ್ಮಿನ ಮೇಲೆ ಬಿದ್ದ ಕ್ಷಣ ಒಂದೇ. ಅದರಿಂದ ಮೂಡಿದ ನೆಗೆಟಿವ್, ಎಂದರೆ ಬೆಳಕಿದ್ದಲ್ಲಿ ಕಪ್ಪನ್ನೂ ಕಪ್ಪಿದ್ದಲ್ಲಿ ಬೆಳಕನ್ನೂ ತೋರಿಸುವ ಮೂಲಬಿಂಬ, ಒಂದೇ. ಹಾಗಿರಲು ಅದರಿಂದ ತೆಗೆದ ಕಾಗದದ ಪ್ರತಿಗಳೂ ಒಂದೇ ಬಗೆಯಾಗಿ ಇರಬೇಕಷ್ಟೆ ಎಂಬುದು ಈ ಭಾವನೆಯ ಆಧಾರ.

ಈ ಭಾವನೆ ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸಲು ಅಮೆರಿಕದ ಆನ್ಸೆಲ್ ಆಡಮ್ಸರ (೧೯೦೨–೧೯೮೪) ‘ಮೂನ್‌ರೈಸ್, ಹರ್ನಾಂಡೆಸ್, ನ್ಯೂ ಮೆಕ್ಸಿಕೋ’ ಎಂಬ ಚಿತ್ರಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಇದೂ ಒಂದು. ತೆಗೆದವರು ಸುಮಾರು ನಲವತ್ತು ವರ್ಷಗಳ ಕಾಲ ಬದುಕಿದ್ದು, ಅದನ್ನು ಕುರಿತು ತಾವೇ ಬರೆದಿದ್ದಾರೆ. ಹೀಗಿದ್ದರೂ ಅದು ಯಾವ ದಿನ ಹುಟ್ಟಿತೆಂಬ ಪ್ರಶ್ನೆಯನ್ನು ಕೊನೆಗೆ ಖಗೋಳಗಣಿತವು ಬಿಡಿಸಬೇಕಾಯಿತು. ಅದರ ನಿಜವಾದ ರೂಪ ಯಾವುದೆಂಬ ಪ್ರಶ್ನೆಗೆ ಗಣಿತದಿಂದಲೂ ಉತ್ತರ ದೊರೆಯುವಂತಿಲ್ಲ. ಈ ಎರಡು ಪ್ರಶ್ನೆಗಳ ಸ್ವರೂಪವು ಬೇರೆಬೇರೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಆಡಮ್ಸರ ಉಪಕರಣಗಳನ್ನೂ ಕಾರ್ಯಕ್ರಮವನ್ನೂ ಸ್ವಲ್ಪಮಟ್ಟಿಗೆ ತಿಳಿದುಕೊಳ್ಳುವುದು ಅವಶ್ಯಕ.

(೨)

ಆಡಮ್ಸರು ಹುಟ್ಟಿದುದು ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಬಾಲ್ಯದಿಂದಲೂ ಅವರು ಅಭ್ಯಾಸಮಾಡಿದುದು ಪಿಯಾನೋ ವಾದನವನ್ನು. ಅದರಿಂದಲೇ ಜೀವಿಸಬೇಕೆಂಬುದು ಮೊದಲ ಸಂಕಲ್ಪ. ೧೯೧೬ರಲ್ಲಿ ತಂದೆತಾಯಿಗಳೊಡನೆ ಯೊಸೆಮಿಟಿ ಕಣಿವೆಗೆ ಹೋದಾಗ ಅವರ ಕೈಗೆ ಕೊಡಕ್ ಕಂಪೆನಿಯ ‘ಬ್ರೌನಿ’ ಎಂಬ ಸಾಧಾರಣವಾದ ಪೆಟ್ಟಿಗೆ ಕ್ಯಾಮೆರಾ ಬಂದಿತು. ಅಂದಿನಿಂದ ಆ ಪರ್ವತಪ್ರದೇಶವೂ ಛಾಯಾಗ್ರಹಣವೂ ಅವರನ್ನು ಬಿಡಲಿಲ್ಲ. ೧೯೩೦ರಲ್ಲಿ ಟಾವೋಸ್ ಎಂಬ ಊರಿನಲ್ಲಿ ಪಾಲ್ ಸ್ಟ್ರಾಂಡರ ನೆಗೆಟಿವ್‌ಗಳನ್ನು ನೋಡಿದ ಬಳಿಕ ಅವರು ಸಂಗೀತವನ್ನು ಬಿಟ್ಟು ಛಾಯಾಗ್ರಹಣವನ್ನೇ ವೃತ್ತಿಯಾಗಿ ಆರಿಸಿಕೊಂಡರು. ೧೯೩೨ರಲ್ಲಿ ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮೊದಲಾದವರೊಡನೆ ‘ಎಫ್ ೬೪’ ಎಂಬ ಗುಂಪನ್ನು ಕಟ್ಟಿದರು. ಲೆನ್ಸಿನ ಕಂಡಿಯನ್ನು ಅತ್ಯಂತ ಕಿರಿದುಮಾಡುವ ಅಳತೆಯೇ ಈ ಹೆಸರಿನ ಮೂಲ. ಹಾಗೆ ಕಿರಿದುಮಾಡಿದರೆ ಹತ್ತಿರದ ಕಲ್ಲೂ ದೂರದ ಶಿಖರವೂ ಸಮನಾಗಿ ಸ್ಫುಟವಾಗುವುವು. ವರ್ಣಚಿತ್ರವನ್ನು ಅನುಕರಿಸಿ ಮಸುಕುಮಸುಕಾಗಿ ಛಾಯಾಚಿತ್ರವನ್ನು ತಯಾರಿಸುತ್ತಿದ್ದ ಅಂದಿನ ಸಂಪ್ರದಾಯಕ್ಕೆ ಈ ಗುಂಪಿನವರು ವಿರೋಧಿಗಳಾಗಿದ್ದರು.

ಅವರ ಮುಖ್ಯವಾದ ಉಪಕರಣವು ೮ ಅಂಗುಲ ಅಗಲ, ೧೦ ಅಂಗುಲ ಉದ್ದದ ಬಿಡಿ ಫಿಲ್ಮನ್ನು ಹಿಡಿಯುವ ದೊಡ್ಡ ಕ್ಯಾಮೆರಾ. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ಛಾಯಾಗ್ರಾಹಕನು ತಲೆಯ ಮೇಲೆ ಕಪ್ಪು ಬಟ್ಟೆಯನ್ನು ಹೊದೆದು, ಹಿಂಬದಿಯ ಉಜ್ಜಿದ ಗಾಜಿನಲ್ಲಿ ತಲೆಕೆಳಗಾಗಿ ಕಾಣುವ ಬಿಂಬವನ್ನು ನೋಡಿ ಸರಿಪಡಿಸಬೇಕು. ಅನಂತರ ಫಿಲ್ಮಿನ ಚೌಕಟ್ಟನ್ನು ಒಳಕ್ಕೆ ಸೇರಿಸಬೇಕು. ಒಂದು ಚೌಕಟ್ಟಿನಲ್ಲಿ ಬೆನ್ನಿಗೆ ಬೆನ್ನಾಗಿ ಎರಡೇ ಫಿಲ್ಮುಗಳು. ಒಂದು ಮುಗಿದ ಮೇಲೆ ಚೌಕಟ್ಟನ್ನು ಹೊರತೆಗೆದು ತಿರುಗಿಸಿದಲ್ಲದೆ ಎರಡನೆಯದನ್ನು ಬಳಸುವಂತಿಲ್ಲ. ಈ ಸಣ್ಣ ವಿವರವು ಮುಂದಿನ ಕಥೆಗೆ ಅಗತ್ಯವಾದುದು.

ಉಪಕರಣಕ್ಕಿಂತಲೂ ಮುಖ್ಯವಾದುದು ಅವರ ವಿಧಾನ. ೧೯೨೭ನೆಯ ಏಪ್ರಿಲ್ ೧೦ರಂದು ಅವರು ಯೊಸೆಮಿಟಿಯ ‘ಹಾಫ್ ಡೋಮ್’ ಎಂಬ ಬೃಹತ್ ಶಿಲೆಯ ಎದುರಿಗೆ ಗಾಜಿನ ತಟ್ಟೆಗಳನ್ನು ಹೊತ್ತು ಹತ್ತಿದರು. ಉಳಿದಿದ್ದುವು ಎರಡೇ ತಟ್ಟೆಗಳು. ಮೊದಲನೆಯದನ್ನು ಹಳದಿ ಫಿಲ್ಟರಿನ ಮೂಲಕ ಬೆಳಕಿಗೊಡ್ಡಿದ ಕೂಡಲೇ, ಆಕಾಶವು ಪೇಲವವಾಗಿ ಬರುವುದೆಂದೂ, ಆ ಬಂಡೆಯಿಂದ ಮನಸ್ಸಿಗೆ ಉಂಟಾದ ಗಾಂಭೀರ್ಯವು ಅದರಲ್ಲಿ ಬಾರದೆಂದೂ ಅವರಿಗೆ ಹೊಳೆಯಿತು. ಕೊನೆಯ ತಟ್ಟೆಗೆ ಗಾಢವಾದ ಕೆಂಪು ಫಿಲ್ಟರನ್ನು ಹಾಕಿದರು. ಕೆಂಪು ಗಾಜು ಆಕಾಶದ ನೀಲಿಯನ್ನು ತಡೆಯುವುದರಿಂದ ಚಿತ್ರದಲ್ಲಿ ಆಕಾಶವು ಕಪ್ಪಾಗಿ, ಶಿಲೆಯು ಅದರಿಂದ ಎದ್ದು ನಿಂತಿತು. ಕಣ್ಣಿಗೆ ಕಂಡುದನ್ನಲ್ಲದೆ ಮುಂದೆ ಕಾಗದದ ಮೇಲೆ ಬರಬೇಕಾದುದನ್ನು ಮೊದಲೇ ಮನಸ್ಸಿನಲ್ಲಿ ಕಂಡು, ಅದಕ್ಕನುಗುಣವಾಗಿ ಬೆಳಕನ್ನು ನಿಯಮಿಸುವ ಈ ಪೂರ್ವದರ್ಶನವೇ ಅವರ ಕಲೆಗೆ ತಳಹದಿಯಾಯಿತು.

ಈ ತತ್ತ್ವವನ್ನು ಕಲಿಸುವುದಕ್ಕಾಗಿ ಅವರು ೧೯೪೦ರ ಸುಮಾರಿನಲ್ಲಿ ಲಾಸ್ ಏಂಜಲೀಸಿನ ಆರ್ಟ್ ಸೆಂಟರ್ ಶಾಲೆಯಲ್ಲಿ ಫ್ರೆಡ್ ಆರ್ಚರರೊಡನೆ ‘ಜೋನ್ ಸಿಸ್ಟಂ’ ಎಂಬ ಪದ್ಧತಿಯನ್ನು ರೂಪಿಸಿದರು. ಶುದ್ಧವಾದ ಕಪ್ಪಿನಿಂದ ಶುದ್ಧವಾದ ಬಿಳುಪಿನವರೆಗಿನ ಛಾಯೆಗಳನ್ನು ೦ಯಿಂದ ೧೦ರವರೆಗೆ ವಲಯಗಳಾಗಿ ವಿಂಗಡಿಸುವುದು ಇದರ ಕ್ರಮ. ಒಂದು ವಲಯದಿಂದ ಮೇಲಿನ ವಲಯಕ್ಕೆ ಹೋದರೆ ಬೆಳಕು ಇಮ್ಮಡಿಯಾಗುವುದು. ನಡುವಣ ಬೂದುಬಣ್ಣವೇ ೫ನೆಯ ವಲಯ. ದೃಶ್ಯದ ಯಾವುದಾದರೊಂದು ಭಾಗದ ಪ್ರಕಾಶವನ್ನು ಅಳೆದು, ಅದು ಯಾವ ವಲಯದಲ್ಲಿ ಬೀಳಬೇಕೆಂಬುದನ್ನು ಗೊತ್ತುಮಾಡಿದರೆ, ಉಳಿದ ಭಾಗಗಳೆಲ್ಲ ತಮ್ಮ ತಮ್ಮ ವಲಯಗಳಲ್ಲಿ ತಾವೇ ನಿಲ್ಲುವುವು.

(೩)

೧೯೪೧ರ ಅಕ್ಟೋಬರಿನಲ್ಲಿ ಆಡಮ್ಸರಿಗೆ ಅಮೆರಿಕ ಸರ್ಕಾರದ ಒಳಾಡಳಿತ ಇಲಾಖೆಯಿಂದ ಒಂದು ಕೆಲಸ ದೊರೆಯಿತು. ರಾಷ್ಟ್ರೀಯ ಉದ್ಯಾನಗಳ ಚಿತ್ರಗಳನ್ನು ತೆಗೆದು, ಇಲಾಖೆಯ ಭವನದ ಗೋಡೆಗಳಿಗೆ ಭಿತ್ತಿಚಿತ್ರಗಳಾಗಿ ಸಿದ್ಧಪಡಿಸಿಕೊಡುವುದೇ ಆ ಕೆಲಸ. ಸಂಬಳವು ದಿನಗಣನೆಯಿಂದ. ಇಲಾಖೆಯ ಲೆಕ್ಕಕ್ಕೆ ಸೇರಿದ ದಿನಗಳಲ್ಲಿ ತೆಗೆದ ನೆಗೆಟಿವ್‌ಗಳು ಸರ್ಕಾರಕ್ಕೆ ಸಲ್ಲತಕ್ಕವು. ಉಳಿದ ದಿನಗಳವು ಅವರ ಸ್ವಂತ.

ಆ ಪ್ರವಾಸದಲ್ಲಿ ಒಂದು ಸಂಜೆ, ಎಂಟು ವರ್ಷದ ಮಗ ಮೈಕೇಲನನ್ನೂ ಸ್ನೇಹಿತರಾದ ಸೆಡ್ರಿಕ್ ರೈಟರನ್ನೂ ಕೂಡಿಕೊಂಡು ಆಡಮ್ಸರು ಮೋಟಾರಿನಲ್ಲಿ ಸಾಂತಾ ಫೆ ಪಟ್ಟಣಕ್ಕೆ ಹಿಂದಿರುಗುತ್ತಿದ್ದರು. ಹರ್ನಾಂಡೆಸ್ ಎಂಬ ಹಳ್ಳಿಯ ಬಳಿ ಎಡಗಡೆಗೆ ನೋಡಲು, ದೂರದ ಹಿಮಶಿಖರಗಳ ಮೇಲೆ ಚಂದ್ರನು ಏರಿದ್ದನು. ಕೆಳಗೆ ಮಣ್ಣಿನ ಇಟ್ಟಿಗೆಯ ಚರ್ಚು, ಅದರ ಪಕ್ಕದ ಶ್ಮಶಾನ. ಅಲ್ಲಿನ ಬಿಳಿಯ ಶಿಲುಬೆಗಳ ಮೇಲೆ ಹಿಂದುಗಡೆಯಿಂದ ಅಸ್ತಸೂರ್ಯನ ಕೊನೆಯ ಕಿರಣಗಳು ಬೀಳುತ್ತಿದ್ದುವು. ಆಡಮ್ಸರು ವಾಹನವನ್ನು ರಸ್ತೆಯ ಅಂಚಿಗೆ ತಿರುಗಿಸಿ ಕೆಳಗಿಳಿದು, ಕ್ಯಾಮೆರಾ, ಮುಕ್ಕಾಲಿ, ಲೆನ್ಸುಗಳನ್ನು ತರುವಂತೆ ಜೊತೆಯವರನ್ನು ಕೂಗಿದರು. ಎಲ್ಲವೂ ಸಿಕ್ಕಿದುವು, ಬೆಳಕನ್ನಳೆಯುವ ಮೀಟರು ಮಾತ್ರ ಸಿಕ್ಕಲಿಲ್ಲ.

ಆಗ ಅವರ ನೆರವಿಗೆ ಬಂದುದು ಅಭ್ಯಾಸಬಲ. ಚಂದ್ರನ ಪ್ರಕಾಶವು ಚದರಡಿಗೆ ೨೫೦ ಕ್ಯಾಂಡಲ್ ಎಂಬ ಅಂಕಿಯು ಅವರಿಗೆ ನೆನಪಿನಲ್ಲಿತ್ತು. ಚಂದ್ರನನ್ನು ೭ನೆಯ ವಲಯದಲ್ಲಿಟ್ಟರೆ, ೫ನೆಯ ವಲಯಕ್ಕೆ ಅದರ ನಾಲ್ಕನೆಯ ಒಂದು ಭಾಗ, ಎಂದರೆ ಸುಮಾರು ೬೦ ಕ್ಯಾಂಡಲ್ ಬರುವುದು. ಫಿಲ್ಮಿನ ವೇಗ ೬೪. ಅದರ ವರ್ಗಮೂಲ ೮. ಆದಕಾರಣ ಲೆನ್ಸಿನ ಕಂಡಿಯನ್ನು ಎಫ್ ೮ರಲ್ಲಿಟ್ಟರೆ ಒಂದು ಸೆಕೆಂಡಿನ ೬೦ನೆಯ ಒಂದು ಭಾಗ ಸಾಕು. ಆಕಾಶವನ್ನು ಗಾಢಮಾಡಲು ಹಾಕಿದ ಹಳದಿ ಫಿಲ್ಟರು ಮೂರರಷ್ಟು ಬೆಳಕನ್ನು ಬೇಡುವುದರಿಂದ ಅದು ೨೦ನೆಯ ಒಂದು ಭಾಗವಾಯಿತು. ಹತ್ತಿರವೂ ದೂರವೂ ಸ್ಫುಟವಾಗಲೆಂದು ಕಂಡಿಯನ್ನು ಎಫ್ ೩೨ಕ್ಕೆ ಕಿರಿದುಮಾಡಿದಾಗ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯಿತು. ಕಾಲವನ್ನು ಹದಿನಾರರಷ್ಟು ಹೆಚ್ಚಿಸಲು ಒಂದು ಸೆಕೆಂಡಿಗೆ ಸ್ವಲ್ಪ ಕಡಮೆಯಾಯಿತು. ಅವರು ಒಂದು ಸೆಕೆಂಡ್ ಕೊಟ್ಟರು. ಇನ್ನೊಂದು ಫಿಲ್ಮನ್ನೂ ಬಳಸಬೇಕೆಂದು ಚೌಕಟ್ಟನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ಹೀಗೆ ಲೋಕಕ್ಕೆ ಉಳಿದುದು ಒಂದೇ ಮೂಲಪ್ರತಿ.

ಈ ಲೆಕ್ಕದಲ್ಲಿ ಚಂದ್ರನಿಗೆ ಮಾತ್ರ ನಿಶ್ಚಿತವಾದ ಸ್ಥಾನವಿತ್ತು. ನೆಲದ ಮೇಲಿನ ಬೆಳಕನ್ನು ಅಳೆಯಲು ಸಾಧ್ಯವಾಗಿರಲಿಲ್ಲ. ಅಲ್ಲಿನ ಬಿಂಬವು ತೆಳುವಾಗಿ ಬರುವುದೆಂಬ ಭಯವಿತ್ತು. ಆದುದರಿಂದ ಆಡಮ್ಸರು ಆ ಫಿಲ್ಮನ್ನು ಡೆವಲಪರ್ ದ್ರಾವಣದಲ್ಲಿ ಸ್ವಲ್ಪ ಹೊತ್ತು, ಬರಿಯ ನೀರಿನಲ್ಲಿ ಸ್ವಲ್ಪ ಹೊತ್ತು, ಹೀಗೆ ಹತ್ತು ಬಾರಿ ಬದಲಿಸುತ್ತ ಸಂಸ್ಕರಿಸಿದರು. ನೀರಿನಲ್ಲಿರುವಾಗ ಹೆಚ್ಚು ಬೆಳಕು ಬಿದ್ದ ಭಾಗದಲ್ಲಿ ಔಷಧಿಯು ಬೇಗನೆ ತೀರಿ ಕ್ರಿಯೆ ನಿಲ್ಲುವುದು. ಕಡಮೆ ಬೆಳಕು ಬಿದ್ದಲ್ಲಿ ನಿಧಾನವಾಗಿ ಮುಂದುವರಿಯುವುದು. ಇಷ್ಟಾದರೂ ಮುಂಭಾಗವು ತೆಳುವಾಗಿಯೇ ಉಳಿದು, ಅದರಿಂದ ಒಳ್ಳೆಯ ಪ್ರತಿಯನ್ನು ತೆಗೆಯುವುದು ಶ್ರಮಸಾಧ್ಯವಾಯಿತು.

(೪)

ಇನ್ನು ಕಾಲದ ವಿಚಾರ. ಆಡಮ್ಸರು ಬೆಳಕಿನ ಅಂಕಿಗಳನ್ನು ನೆನಪಿನಲ್ಲಿಡುತ್ತಿದ್ದರೇ ಹೊರತು ತಾರೀಖುಗಳನ್ನಲ್ಲ. ಈ ಚಿತ್ರಕ್ಕೆ ಅವರು ಕೊಟ್ಟ ವರ್ಷವು ಒಂದೊಂದು ಕಡೆ ಒಂದೊಂದಾಗಿ, ೧೯೪೦ರಿಂದ ೧೯೪೪ರವರೆಗೆ ವ್ಯತ್ಯಾಸವಾಗುತ್ತದೆ. ಆದರೆ ೧೯೪೩ರ ‘ಯು.ಎಸ್. ಕ್ಯಾಮೆರಾ’ ವಾರ್ಷಿಕ ಸಂಚಿಕೆಯಲ್ಲಿ ಚಿತ್ರವು ಅಚ್ಚಾಗಿರುವುದರಿಂದ ೧೯೪೪ ಎಂಬುದು ಸರ್ವಥಾ ಅಸಂಭವ. ಕರ್ತೃವಿನ ಮಾತನ್ನು ಅವನ ಕೃತಿಯ ಪ್ರಕಟಣೆಯೇ ಖಂಡಿಸುವ ಪ್ರಸಂಗವಿದು.

ಛಾಯಾಗ್ರಹಣದ ಇತಿಹಾಸಕಾರರಾದ ಬೋಮಂಟ್ ನ್ಯೂಹಾಲರು ಈ ತೊಡಕನ್ನು ಕಂಡು, ಚಿತ್ರದಲ್ಲಿಯೇ ಚಂದ್ರನಿರುವನಲ್ಲವೆ, ಅವನನ್ನೇ ಸಾಕ್ಷಿಯಾಗಿ ಕೇಳಬಹುದೆಂದು ಯೋಚಿಸಿದರು. ಅವರ ಕೋರಿಕೆಯ ಮೇಲೆ ಕೊಲರಾಡೋ ರಾಜ್ಯದ ಬೌಲ್ಡರಿನ ಹೈ ಆಲ್ಟಿಟ್ಯೂಡ್ ವೀಕ್ಷಣಾಲಯದ ಡೇವಿಡ್ ಎಲ್ಮೋರರು ಚಂದ್ರನ ದಿಕ್ಕು, ಎತ್ತರ ಮತ್ತು ಕಳೆಗಳನ್ನು ಗಣಿಸಿ, ೧೯೪೧ನೆಯ ಅಕ್ಟೋಬರ್ ೩೧ರ ಸಂಜೆ ೪ ಗಂಟೆಯ ನಂತರದ ಕೆಲವು ನಿಮಿಷಗಳೆಂದು ನಿರ್ಣಯಿಸಿದರು. ಆಡಮ್ಸರು ಇದನ್ನು ಒಪ್ಪಿಕೊಂಡರು.

ಪ್ರಶ್ನೆಯು ಅಲ್ಲಿಗೆ ಮುಗಿಯಲಿಲ್ಲ. ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯ ಡೆನಿಸ್ ಡಿ ಚಿಕೋ ಅವರು ಅದೇ ಗಣನೆಯನ್ನು ತಾವೂ ಮಾಡಿ ನೋಡಲು, ಕ್ಯಾಮೆರಾ ನಿಂತಿತ್ತೆಂದು ಹೇಳಿದ ಸ್ಥಳಕ್ಕೂ ಆಕಾಶದ ಚಂದ್ರನಿಗೂ ಹೊಂದಿಕೆ ಕಾಣಲಿಲ್ಲ. ಅವರು ಹರ್ನಾಂಡೆಸಿಗೆ ಹೋಗಿ ನೆಲವನ್ನೇ ಪರಿಶೀಲಿಸಿದರು. ಆಡಮ್ಸರು ನಿಂತದ್ದು ಈಗಿನ ಹೆದ್ದಾರಿಯ ಮೇಲಲ್ಲ, ಅದಕ್ಕೆ ಸುಮಾರು ೫೦ ಅಡಿ ಪಶ್ಚಿಮಕ್ಕಿದ್ದ ಹಳೆಯ ರಸ್ತೆಯ ಅಂಚಿನಲ್ಲಿ ಎಂಬುದು ಆಗ ತಿಳಿದುಬಂತು. ಸುಮಾರು ಹತ್ತು ವರ್ಷಗಳ ಪ್ರಯತ್ನದ ಬಳಿಕ, ೧೯೯೧ರಲ್ಲಿ ಅವರು ಪ್ರಕಟಿಸಿದ ನಿರ್ಣಯವು ೧೯೪೧ನೆಯ ನವೆಂಬರ್ ೧, ಸಂಜೆ ೪ ಗಂಟೆ ೪೯ ನಿಮಿಷ ೨೦ ಸೆಕೆಂಡ್. ಎಲ್ಮೋರರೂ ಇದನ್ನು ಪರಿಶೀಲಿಸಿ ಸಮ್ಮತಿಸಿದರು. ಆ ವೇಳೆಗೆ ಆಡಮ್ಸರು ತೀರಿಕೊಂಡು ಏಳು ವರ್ಷಗಳಾಗಿದ್ದುವು.

ಎರಡು ನಿರ್ಣಯಗಳಿಗೂ ಇರುವ ಅಂತರವನ್ನು ಗಮನಿಸಬೇಕು. ಚಂದ್ರೋದಯವು ಒಂದು ದಿನದಿಂದ ಮರುದಿನಕ್ಕೆ ಮುಕ್ಕಾಲು ಗಂಟೆಯಷ್ಟು ಅಥವಾ ಅದರ ಆಚೀಚೆ ತಡವಾಗುವುದು. ಆದುದರಿಂದ ಮೊದಲ ದಿನ ೪ ಗಂಟೆಯ ಸುಮಾರಿಗೆ ಚಂದ್ರನಿದ್ದ ಎತ್ತರಕ್ಕೂ ಮರುದಿನ ೪ ಗಂಟೆ ೪೯ ನಿಮಿಷಕ್ಕೆ ಇದ್ದ ಎತ್ತರಕ್ಕೂ ಬಹಳ ಭೇದವಿರುವುದಿಲ್ಲ. ಸ್ವಲ್ಪ ಸ್ಥಳದೋಷವಾದರೂ ಒಂದು ದಿನವು ತಪ್ಪಿಹೋಗುವುದು. ಮುಳುಗುತ್ತಿದ್ದ ಸೂರ್ಯನ ಬೆಳಕು ಶಿಲುಬೆಗಳನ್ನು ಬಿಟ್ಟುಹೋಯಿತೆಂಬ ಆಡಮ್ಸರ ಹೇಳಿಕೆಯು ಎರಡನೆಯ ಗಳಿಗೆಗೇ ಹೆಚ್ಚಾಗಿ ಒಪ್ಪುತ್ತದೆ. ಚಿತ್ರದ ಚಂದ್ರನೂ ಪೂರ್ಣಚಂದ್ರನಲ್ಲ. ಹುಣ್ಣಿಮೆಗೆ ಇನ್ನೂ ಎರಡು ದಿನಗಳಿದ್ದ ಶುಕ್ಲಪಕ್ಷದ ಚಂದ್ರ.

ಒಂದು ದಿನದ ವ್ಯತ್ಯಾಸವು ಬರಿಯ ಪಾಂಡಿತ್ಯದ ಕುತೂಹಲವೆಂದು ತಳ್ಳಿಹಾಕುವಂತಹುದಲ್ಲ. ಇಲಾಖೆಯ ಲೆಕ್ಕಕ್ಕೆ ಸೇರಿದ ದಿನದಲ್ಲಿ ತೆಗೆದುದಾಗಿದ್ದರೆ ಈ ನೆಗೆಟಿವ್ ಸರ್ಕಾರದ ಸೊತ್ತಾಗುತ್ತಿತ್ತು. ಆ ಯೋಜನೆಯ ಇತರ ೨೨೬ ಚಿತ್ರಗಳು ಇಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿಯೇ ಇವೆ. ನವೆಂಬರ್ ೧ರ ದಿನಕ್ಕೆ ಆಡಮ್ಸರು ಇಲಾಖೆಯಿಂದ ಸಂಬಳವನ್ನು ಕೇಳಿರಲಿಲ್ಲ. ಆದಕಾರಣ ಚಿತ್ರವು ಅವರದೇ ಎಂಬುದಕ್ಕೆ ಚಂದ್ರನ ಸಾಕ್ಷ್ಯವು ಬೆಂಬಲವಾಗಿ ನಿಂತಿತು.

ಕನ್ನಡ ನಾಡಿನ ಶಾಸನಗಳನ್ನು ಪರಿಶೋಧಿಸಿದವರಿಗೆ ಈ ಮಾರ್ಗವು ಹೊಸದಲ್ಲ. ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಗಣನೆಯಿಂದ ಪರೀಕ್ಷಿಸಿ, ಅವು ಪರಸ್ಪರ ಹೊಂದುವುವೇ ಇಲ್ಲವೇ ಎಂಬುದರಿಂದ ಶಾಸನದ ಸಾಚಾತನವನ್ನು ತೂಗುವುದು ಅವರ ನಿತ್ಯದ ಕೆಲಸ. ೧೯೨೨ರಲ್ಲಿ ಪ್ರಕಟವಾದ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗಗಣಿತದ ಸಂಪುಟಗಳು ಅದಕ್ಕೆಂದೇ ಹುಟ್ಟಿದುವು. ಭೇದವಿಷ್ಟೆ: ಶಾಸನದಲ್ಲಿ ತಿಥಿಯು ಅಕ್ಷರಗಳಲ್ಲಿರುವುದು, ಬರೆದವನು ಅಲ್ಲಿ ತಪ್ಪಬಹುದು, ಈ ಚಿತ್ರದಲ್ಲಿ ಚಂದ್ರನೇ ಇರುವನು. ಆದರೆ ಆ ಚಂದ್ರನನ್ನು ಓದಲು ಗಣಿತವೊಂದೇ ಸಾಲದೆ, ಹಳೆಯ ರಸ್ತೆಯ ಅಂಚನ್ನು ಹುಡುಕುವ ಸ್ಥಳಪರಿಶೀಲನೆಯೂ ಬೇಕಾಯಿತೆಂಬುದು ನೆನಪಿಡತಕ್ಕ ಮಾತು.

(೫)

ಎರಡನೆಯ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಆಡಮ್ಸರು ಈ ನೆಗೆಟಿವ್‌ನಿಂದ ತಮ್ಮ ಕೈಯಾರೆ ತೆಗೆದ ಪ್ರತಿಗಳು ೧೩೦೦ಕ್ಕಿಂತಲೂ ಹೆಚ್ಚೆಂದು ಎಣಿಕೆ. ಅವುಗಳಲ್ಲಿ ಮೊದಮೊದಲಿನವನ್ನೂ ಕೊನೆಕೊನೆಯವನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಇವೆರಡೂ ಒಂದೇ ಸಂಜೆಯವೇ ಎಂಬ ಸಂದೇಹ ಹುಟ್ಟುತ್ತದೆ. ಮೊದಲ ಪ್ರತಿಗಳಲ್ಲಿ ಆಕಾಶವು ಬೂದುಬಣ್ಣವಾಗಿದ್ದು, ಚಂದ್ರನ ಮೇಲುಗಡೆಯೂ ಮೋಡದ ತೆಳ್ಳನೆಯ ಗೆರೆಗಳು ಕಾಣುವುವು. ಅದು ಇನ್ನೂ ಹಗಲಾರದ ಸಂಜೆ. ಕೊನೆಯ ಪ್ರತಿಗಳಲ್ಲಿ ಆ ಗೆರೆಗಳು ಮಾಯವಾಗಿ, ಮೇಲಿನ ಆಕಾಶವೆಲ್ಲ ಕಗ್ಗತ್ತಲೆ. ಶಿಲುಬೆಗಳು ಆ ಕತ್ತಲೆಗೆ ಎದುರಾಗಿ ಹೊಳೆಯುವುವು.

ಈ ಭೇದವು ಕತ್ತಲೆಕೋಣೆಯಲ್ಲಿ ಹುಟ್ಟಿದುದು. ನೆಗೆಟಿವ್‌ನ ಮೂಲಕ ಬೆಳಕನ್ನು ಕಾಗದದ ಮೇಲೆ ಬಿಡುವಾಗ ಆಡಮ್ಸರು ಒಂದು ಭಾಗಕ್ಕೆ ಕೈಯನ್ನಾಗಲಿ ರಟ್ಟಿನ ತುಂಡನ್ನಾಗಲಿ ಅಡ್ಡಹಿಡಿದು ಬೆಳಕನ್ನು ಕಡಮೆಮಾಡುವರು. ಅಲ್ಲಿ ಪ್ರತಿಯು ಬೆಳ್ಳಗಾಗುವುದು. ಮತ್ತೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕನ್ನು ಕೊಡುವರು, ಅಲ್ಲಿ ಕಪ್ಪಾಗುವುದು. ರಟ್ಟನ್ನು ಒಂದೇ ಕಡೆ ನಿಲ್ಲಿಸಿದರೆ ಅದರ ಅಂಚು ಚಿತ್ರದಲ್ಲಿ ಮೂಡುವುದರಿಂದ ಕೈಯು ಸದಾ ಆಡುತ್ತಿರಬೇಕು. ಬಳಿಕ ಡೆವಲಪರ್, ಸ್ಥಿರೀಕರಣ, ಪ್ರತಿಯ ಬಾಳಿಕೆಗಾಗಿಯೂ ಕಪ್ಪಿನ ಗಾಢತೆಗಾಗಿಯೂ ಸೆಲಿನಿಯಂ ದ್ರಾವಣ, ಕೊನೆಗೆ ದೀರ್ಘವಾದ ತೊಳೆತ. ಒದ್ದೆಯಾದ ಪ್ರತಿಯು ಒಣಗಿದ ಮೇಲೆ ಸ್ವಲ್ಪ ಕಪ್ಪಾಗುವುದರಿಂದ, ಪರೀಕ್ಷೆಯ ಪ್ರತಿಗಳನ್ನು ಬೇಗನೆ ಒಣಗಿಸಿ ನೋಡುವುದಕ್ಕೆ ಅವರು ಕೊನೆಯ ದಿನಗಳಲ್ಲಿ ಅಡುಗೆಮನೆಯ ಮೈಕ್ರೋವೇವ್ ಒಲೆಯನ್ನೂ ಉಪಯೋಗಿಸುತ್ತಿದ್ದರು. ಇಷ್ಟೆಲ್ಲ ಕೈಗೆಲಸವಿರುವಾಗ ಎರಡು ಪ್ರತಿಗಳು ತದ್ರೂಪವಾಗುವುದು ದುರ್ಲಭ.

ಇದಕ್ಕಿಂತಲೂ ಗಮನಾರ್ಹವಾದ ಸಂಗತಿಯೊಂದುಂಟು. ೧೯೪೮ರಲ್ಲಿ ಆಡಮ್ಸರು ಮುಂಭಾಗದ ತೆಳುವನ್ನು ಸಹಿಸಲಾರದೆ, ನೆಗೆಟಿವ್‌ನ ಕೆಳಗಣ ಭಾಗವನ್ನು ಮಾತ್ರ ಬೆಳ್ಳಿಯ ಸಾಂದ್ರತೆಯನ್ನು ಹೆಚ್ಚಿಸುವ ರಾಸಾಯನಿಕದಿಂದ ಸಂಸ್ಕರಿಸಿದರು. ಒಂದೇ ಒಂದು ಮೂಲವಿದ್ದ ಚಿತ್ರಕ್ಕೆ ಇದು ಸಾಹಸದ ಕೆಲಸ. ಕೈತಪ್ಪಿದ್ದರೆ ಎಲ್ಲವೂ ಹಾಳಾಗುತ್ತಿತ್ತು. ಕೆಲಸವು ಫಲಿಸಿತು. ಆದರೆ ಅಂದಿನಿಂದ ಮೂಲವೇ ಬದಲಾಯಿತು. ಓಲೆಯ ಮೂಲಪ್ರತಿಯನ್ನು ಕವಿಯೇ ಏಳು ವರ್ಷಗಳ ಬಳಿಕ ತಿದ್ದಿದಂತೆ ಇದು. ೧೯೪೧ರ ನೆಗೆಟಿವ್ ಹೇಗಿತ್ತೆಂಬುದನ್ನು ಇನ್ನು ೧೯೪೮ಕ್ಕೆ ಮುಂಚಿನ ಪ್ರತಿಗಳಿಂದಲೇ ಊಹಿಸಬೇಕಾಗಿದೆ. ಆ ಪ್ರತಿಗಳು ಸಂಖ್ಯೆಯಲ್ಲಿ ಕಡಮೆ. ಹೆಚ್ಚಿನ ಪ್ರತಿಗಳು ಕೊನೆಯ ಅವಧಿಯವು. ೧೯೭೫ರ ಕೊನೆಯ ತರುವಾಯ ಪ್ರತಿಗಳಿಗಾಗಿ ಬೇಡಿಕೆಯನ್ನು ಸ್ವೀಕರಿಸುವುದಿಲ್ಲವೆಂದು ಆಡಮ್ಸರು ಸಾರಿದಾಗ ಅವರ ಎಲ್ಲ ಚಿತ್ರಗಳಿಗೂ ಬಂದ ಬೇಡಿಕೆಗಳು ಸಾವಿರಗಟ್ಟಲೆಯಾಗಿ, ಅವನ್ನು ಪೂರೈಸಲು ವರ್ಷಗಳೇ ಹಿಡಿದುವು. ಹೀಗಾಗಿ ಲೋಕಪ್ರಸಿದ್ಧವಾದ ‘ಚಂದ್ರೋದಯ’ವು ಬಹುಮಟ್ಟಿಗೆ ಎಪ್ಪತ್ತು ದಾಟಿದ ಕಲಾವಿದರ ‘ಚಂದ್ರೋದಯ’. ಮೂವತ್ತೊಂಬತ್ತರ ವಯಸ್ಸಿನಲ್ಲಿ ರಸ್ತೆಯ ಅಂಚಿನಲ್ಲಿ ನಿಂತವರದಲ್ಲ.

ಇವುಗಳಲ್ಲಿ ಶುದ್ಧಪಾಠ ಯಾವುದು? ಮೊದಲನೆಯದು ಆ ಸಂಜೆಗೆ ಸಮೀಪವೆಂಬುದು ಒಂದು ಪಕ್ಷ. ಕರ್ತೃವಿನ ಕೊನೆಯ ಇಚ್ಛೆಯನ್ನು ತೋರುವುದರಿಂದ ಕಡೆಯದೇ ಪ್ರಮಾಣವೆಂಬುದು ಇನ್ನೊಂದು ಪಕ್ಷ. ಆಡಮ್ಸರು ಸ್ವತಃ ನೆಗೆಟಿವ್ ಅನ್ನು ಸಂಗೀತದ ಸ್ವರಲಿಪಿಗೂ ಪ್ರತಿಯನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದರು. ಪಿಯಾನೋದ ಮುಂದೆ ಕಳೆದ ಯೌವನದಿಂದ ಬಂದ ಹೋಲಿಕೆಯಿದು. ಒಂದೇ ಕೃತಿಯನ್ನು ಒಬ್ಬನೇ ವಿದ್ವಾಂಸನು ಇಪ್ಪತ್ತರಲ್ಲಿ ಒಂದು ಬಗೆಯಾಗಿಯೂ ಎಪ್ಪತ್ತರಲ್ಲಿ ಮತ್ತೊಂದು ಬಗೆಯಾಗಿಯೂ ನುಡಿಸಿದರೆ ಎರಡರಲ್ಲಿ ಒಂದು ಅಪಪಾಠವೆಂದು ಯಾರೂ ಹೇಳುವುದಿಲ್ಲ. ಆದರೆ ಈ ಹೋಲಿಕೆಗೂ ಒಂದು ಮಿತಿಯುಂಟು: ವಾದಕನು ಸ್ವರಲಿಪಿಯನ್ನು ತಿದ್ದುವುದಿಲ್ಲ, ೧೯೪೮ರಲ್ಲಿ ಆಡಮ್ಸರು ತಿದ್ದಿದರು.

(೬)

ಮೇಲ್ಕಂಡ ಸಂಗತಿಗಳಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಕೃತಿಯು ಯಾವಾಗ ಹುಟ್ಟಿತೆಂಬುದು ಸಂಭವಿಸಿ ಹೋದ ಒಂದು ಸಂಗತಿ. ಅಲ್ಲಿ ಕರ್ತೃವಿನ ಮಾತು ಹಲವು ಸಾಕ್ಷ್ಯಗಳಲ್ಲಿ ಒಂದು ಮಾತ್ರ. ಅದು ಕೃತಿಯ ಒಳಗಣ ಸಾಕ್ಷ್ಯಕ್ಕೆ ವಿರುದ್ಧವಾದರೆ ಬಿಟ್ಟುಕೊಡತಕ್ಕದ್ದು. ಅದೇ ಕರ್ತೃವು ಇಳಿಬೆಳಕನ್ನು ಕುರಿತು ಹೇಳಿದ ಮಾತಿನಂತೆ, ಹೊಂದಿದರೆ ಉಳಿಸಿಕೊಳ್ಳತಕ್ಕದ್ದು. ಎರಡನೆಯದು, ಕೃತಿಯು ಹೇಗಿರಬೇಕೆಂಬುದು ಸಂಗತಿಯಲ್ಲ, ಸಂಕಲ್ಪ. ಅಲ್ಲಿ ಕರ್ತೃವಿಗೆ ಅಧಿಕಾರವುಂಟು, ಆದರೆ ಆ ಅಧಿಕಾರವು ಅವನ ಆಯುಷ್ಯದುದ್ದಕ್ಕೂ ಹರಡಿಕೊಂಡಿರುತ್ತದೆ. ಇವೆರಡನ್ನೂ ಬೆರೆಸಿ, ‘ಚಂದ್ರೋದಯ, ೧೯೪೧’ ಎಂಬ ಶೀರ್ಷಿಕೆಯ ಕೆಳಗೆ ೧೯೭೦ರ ದಶಕದ ಕಪ್ಪು ಆಕಾಶವನ್ನು ಅಚ್ಚುಹಾಕಿದರೆ, ಓದುವವನು ೧೯೪೧ರ ಸಂಜೆಯೇ ಹಾಗಿತ್ತೆಂದು ನಂಬುವನು. ಆದುದರಿಂದ ಛಾಯಾಚಿತ್ರವನ್ನು ಇತಿಹಾಸದ ಸಾಮಗ್ರಿಯಾಗಿ ಬಳಸುವವರು ನೆಗೆಟಿವ್‌ನ ವರ್ಷವನ್ನೂ ಪ್ರತಿಯ ವರ್ಷವನ್ನೂ ಬೇರೆಬೇರೆಯಾಗಿ ನಮೂದಿಸಬೇಕಾದುದು ಅವಶ್ಯಕ.

ಆಡಮ್ಸರ ನೆಗೆಟಿವ್‌ಗಳೂ ಪತ್ರಗಳೂ ಆರಿಜೋನಾ ವಿಶ್ವವಿದ್ಯಾನಿಲಯದ ಸೆಂಟರ್ ಫಾರ್ ಕ್ರಿಯೇಟಿವ್ ಫೊಟಾಗ್ರಫಿ ಎಂಬ ಸಂಸ್ಥೆಯಲ್ಲಿ ರಕ್ಷಿತವಾಗಿವೆ. ೧೯೭೫ರಲ್ಲಿ ಅದರ ಸ್ಥಾಪನೆಗೆ ನೆರವಾದವರಲ್ಲಿ ಅವರೂ ಒಬ್ಬರು. ತಾರೀಖನ್ನು ಮರೆತವರು ಮೂಲವನ್ನು ಉಳಿಸಿ ಹೋದರು. ಅವರ ಮರವೆಯನ್ನು ತಿದ್ದಲು ಆ ಮೂಲದಲ್ಲಿನ ಚಂದ್ರನೇ ಸಾಕಾದನು. ಆಕಾಶದ ಬಣ್ಣವನ್ನು ಕುರಿತು ಮಾತ್ರ ಅವರ ಪ್ರತಿಯೊಂದು ಪ್ರತಿಯನ್ನೂ ಅದರದರ ಕಾಲದಲ್ಲಿಟ್ಟು ಓದುವುದಲ್ಲದೆ ಬೇರೆ ದಾರಿಯಿಲ್ಲ.